ಬೆಕ್ಕಿಗೆ ಹೇಳಿದ ಮಾತು

ಇವತ್ತು ಶಿವಾಜಿನಗರದ ಅಂಗಡಿಯೊಂದರಲ್ಲಿ ಕುದಿಯುವ ಚಹಾಕ್ಕೆ ಏಲಕ್ಕಿ ಜಜ್ಜಿ ಹಾಕಿದರು ನೋಡಿ, ಆ ಘಮಕ್ಕೆ ನನ್ನ ಕಾಲುಗಳು ಅಲ್ಲೇ ನಿಂತವು. ಫ್ರೇಜರ್ ಟೌನಿನಲ್ಲಿ ನಾವು ಬಾಡಿಗೆಗಿದ್ದಾಗ ಕೆಳಗಿನ ಮನೆಯಿಂದ ಸಂಜೆ ಹೊತ್ತು ಏಳುತ್ತಿದ್ದದ್ದು ಇದೇ ಘಮ. ನನ್ನ ಮೂಗಿಗಿರುವ ಜ್ಞಾಪಕಶಕ್ತಿಯಲ್ಲಿ ಅರ್ಧವೂ ತಲೆಗಿಲ್ಲ.

ಆ ಮನೆಯ ನಸ್ರೀನಳ ಮಗಳು ಶಮಾ. ಡೌನ್ ಸಿಂಡ್ರೋಮ್ ಇರುವ ಹುಡುಗಿ. ದೊಡ್ಡವಳಾಗುತ್ತಾ ಬಂದರೂ ಮಾತು ನಾಲ್ಕೈದು ಪದ ದಾಟಿರಲಿಲ್ಲ. "ಎರಡೆರಡು ಭಾಷೆ ಕಿವಿಗೆ ಬಿದ್ರೆ ಮಗು ಗಲಿಬಿಲಿ ಆಗುತ್ತೆ, ಬರೀ ಇಂಗ್ಲಿಷಲ್ಲೇ ಮಾತಾಡ್ಸಿ" ಎಂದು ಯಾರೋ ನೆಂಟರು ಅಪ್ಪಣೆ ಕೊಡಿಸಿದ್ದರು. ಮನೆಮಂದಿ ಅದನ್ನು ವ್ರತದಂತೆ ಹಿಡಿದರು. ನಾನೂ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ನನ್ನ ಹರಕುಮುರುಕು ಇಂಗ್ಲಿಷಿನಿಂದ ಕೈಲಾದ ಸೇವೆ ಸಲ್ಲಿಸಿ, ಆಮೇಲೆ ಅಲ್ಲೇ ನಿಂತು ನಸ್ರೀನಳ ಜೊತೆ ಕನ್ನಡದಲ್ಲಿ ಹರಟುತ್ತಿದ್ದೆ. ಕಷ್ಟಕ್ಕೆ ಬಿದ್ದವರು ಶಮಾಳ ಅಜ್ಜಿ; ಎಲ್ಲರೂ ಅವರನ್ನು ದಾದಿ ಎನ್ನುತ್ತಿದ್ದರು. ಅವರಿಗೆ ಬರುತ್ತಿದ್ದುದು ದಖನಿ ಉರ್ದು ಒಂದೇ. ಮೊಮ್ಮಗಳೆದುರು ತುಟಿ ಬಿಚ್ಚುವಂತಿಲ್ಲ. ಪಾಪ, ತಡೆಯಲಾರದೆ ಮನೆಯ ಬೆಕ್ಕಿನೊಂದಿಗೆ ಮಾತಾಡತೊಡಗಿದರು. ತಮ್ಮ ಮಂಡಿನೋವು, ಸೊಸೆಯ ಸಿಡುಕು, ಗಂಡನ ಕಾಲದ ಕತೆ, ಎಲ್ಲವೂ ಬೆಕ್ಕಿಗೆ. ಶಮಾ ಪಕ್ಕದಲ್ಲಿ ಕೂತು ಅದರ ಬೆನ್ನು ಸವರುತ್ತಿದ್ದಳು.

ಒಂದು ಸಂಜೆ, ಹೊಸದಾಗಿ ಬಂದ ಸ್ಪೀಚ್ ಥೆರಪಿಸ್ಟ್ ಈ ವ್ರತದ ಸುದ್ದಿ ಕೇಳಿ ಹೌಹಾರಿದಳು.

"ಮನೆ ಭಾಷೆ ನಿಲ್ಸಿ ಅಂತ ಯಾರ್ರೀ ಹೇಳಿದ್ದು? ದಾದೀಗೆ ಹೇಳಿ, ಈಗ್ಲೇ ಮಾತಾಡಿಸ್ಲಿ. ಕೇಳಿದ್ಮೇಲೆ ಸುಮ್ನೆ ಕಾಯ್ಬೇಕು. ಬೇರೆ ಯಾರೂ ಬಾಯಿ ಹಾಕ್ಬೇಡಿ."

ಪಾತ್ರೆ ಹಿಂದಿರುಗಿಸಲು ಹೋದ ನಾನು ಬಾಗಿಲಲ್ಲೇ ನಿಂತೆ. ದಾದಿ ಚಹಾದ ಲೋಟ ಹಿಡಿದು ಕಳ್ಳರ ಹಾಗೆ ಪಿಸುಗುಟ್ಟಿದರು: "ಚಾ ಪೀತೀ ಕ್ಯಾ ಬೇಟಾ?"

ಕಾದೆವು. ನನಗಂತೂ ನಾಲಗೆ ತುರಿಸುತ್ತಿತ್ತು.

"ನಕ್ಕೊ ದಾದಿ," ಬೇಡವೆಂದಳು ಶಮಾ. ಆಮೇಲೆ ದಾದಿಯ ಮಂಡಿ ಮುಟ್ಟಿ, "ದುಖ್ರಾ ಕ್ಯಾ?" ಎಂದಳು. ನೋಯ್ತಿದೆಯಾ ಎಂದು!

ಮಂಡಿನೋವಿನ ಸುದ್ದಿ ದಾದಿ ಹೇಳಿದ್ದು ಬೆಕ್ಕಿಗೆ, ಶಮಾಳಿಗಲ್ಲ. ದಾದಿ ಅವಳನ್ನು ಬಾಚಿ ತಬ್ಬಿಕೊಂಡು ಅತ್ತರು. ನಸ್ರೀನ್ ಮಾತ್ರ ಬಿಳಿಚಿಕೊಂಡು ಗೋಡೆಗೆ ಒರಗಿದ್ದಳು.

"ಅಕ್ಕಾ, ಇವಳಿಗೆ ಅರ್ಥ ಆಗಲ್ಲ ಅಂತ ಇವಳ ಮುಂದೇನೇ ನಾವು ಏನೇನ್ ಮಾತಾಡ್ಬಿಟ್ವಿ..."

ನಾನು ತಂದ ಪಾತ್ರೆಯನ್ನು ಬಾಗಿಲ ಪಕ್ಕ ಇಟ್ಟು ಮೆಟ್ಟಿಲು ಹತ್ತಿದೆ.

ಇವತ್ತು ಆ ಚಹಾದ ಅಂಗಡಿಯಿಂದಲೇ ನಸ್ರೀನಳಿಗೆ ಫೋನ್ ಮಾಡಿದೆ. ಎತ್ತಿದ್ದು ಶಮಾ. "ದಾದಿ ಹೇಗಿದ್ದಾರಮ್ಮಾ?" ಎಂದೆ. ಬಾಯಿಗೆ ಬಂದದ್ದು ಕನ್ನಡವೇ. ಅವಳಿಗೆ ಕನ್ನಡ ಯಾರೂ ಕಲಿಸಿದವರಿಲ್ಲ ಎಂಬುದು ಆಮೇಲೆ ಹೊಳೆಯಿತು. ಆದರೂ ಕಾದೆ.

"ಮಲ್ಗಿದಾರೆ," ಎಂದಳು ಶಮಾ, ನಿಧಾನಕ್ಕೆ. "ಮೆಲ್ಲಗೆ ಮಾತಾಡಿ ಆಂಟಿ. ನೀವು ಮೆಟ್ಲಲ್ಲೂ... ಜೋರು."