ಬಲೆ ಎಳೆಯೆಂದ ದನಿ

ದೆವ್ವ, ಗಾಳಿ, ಸತ್ತವರ ದನಿ ಎಂದು ಯಾರಾದರೂ ಮಾತು ಶುರು ಮಾಡಿದರೆ ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋಗುತ್ತಿದ್ದ ಮನುಷ್ಯ ನಾನು. ರಾಯದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು ಇನ್ನು ಹೇಗಿರಬೇಕು? ಈಗಲೂ ಅಂಥದ್ದನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ಆದರೆ ಗುಮ್ಮಘಟ್ಟದ ಆಚೆ, ಡ್ಯಾಮಿನ ನೀರಿನ ಮೇಲೆ ಒಂದು ಸಂಜೆ ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆ ಡ್ಯಾಮಿನ ದಂಡೆಯಲ್ಲಿ ಪೋಲಯ್ಯ ಮತ್ತು ಅವನ ಹೆಂಡತಿ ಗೌರಮ್ಮ ಗುಡಿಸಲು ಹಾಕಿಕೊಂಡಿದ್ದರು. ಮೂಲತಃ ಕಡಲ ತೀರದವರು. ರಾಕೆಟ್ ಹಾರಿಸುವ ಜಾಗ ಅವರ ಊರಿಗೆ ಹತ್ತಿರವಂತೆ. ಡ್ಯಾಮಿನ ಮೀನಿನ ಗುತ್ತಿಗೆ ಹಿಡಿದವನೊಬ್ಬ ಅವರನ್ನು ಇಲ್ಲಿಗೆ ಕರೆತಂದಿದ್ದ. ನಾನು ಮೀನು ತಿನ್ನುವವರ ಮನೆಯವನಲ್ಲ. ರಜೆಯ ದಿನ ಹಕ್ಕಿ ನೋಡಲು ಅತ್ತ ಬೈಕಿನಲ್ಲಿ ಹೋಗುವ ಅಭ್ಯಾಸವಿತ್ತು, ಹಾಗೆ ಪರಿಚಯವಾದದ್ದು. ಗೌರಮ್ಮ ಡ್ಯಾಮಿನ ನೀರಿನಲ್ಲೇ ಟೀ ಕಾಯಿಸಿ ಕೊಡುತ್ತಿದ್ದಳು. ಇಬ್ಬರೂ ಅರ್ಧ ತೆಲುಗು ಬೆರೆಸಿದ ನಮ್ಮ ಕಡೆಯ ಕನ್ನಡ ಕಲಿತಿದ್ದರು.

ಆ ದಿನ ಸಂಜೆಗೆ ಒಂದು ರಾಕೆಟ್ ಹಾರುವುದಿತ್ತು. ಅಂಥ ದಿನ ನನಗೆ ಹಬ್ಬ. ಶಾಲೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಫೋನಿನಲ್ಲಿ ತೋರಿಸುತ್ತಿದ್ದೆ. ಅಂದು ರಜೆಯಾದ್ದರಿಂದ, ಪೋಲಯ್ಯನಿಗೆ ಅವನ ಊರಿನ ಕಡೆಯ ಆಕಾಶ ತೋರಿಸೋಣವೆಂದು ಹೋದೆ.

"ಬಾರಪ್ಪ, ನಿಮ್ಮ ಕಡೀದು ಫೋನಿನಾಗ ಬರಾಕತ್ತೈತಿ," ಎಂದು ಕರೆದೆ.

ಅವನು ಒಮ್ಮೆ ನೋಡಿ ಮುಖ ತಿರುಗಿಸಿದ. "ಬಂದ್ ಮಾಡ್ರಿ ಸಾರ್."

ನನಗೆ ಕಸಿವಿಸಿಯಾಯಿತು. ಫೋನ್ ಜೇಬಿಗಿಟ್ಟೆ. ಗೌರಮ್ಮ ನನ್ನ ಪಕ್ಕ ಕುಳಿತು ಮೆಲ್ಲಗೆ ಹೇಳಿದಳು: "ರಾಕೆಟ್ ಐತಿ ಅಂದ್ರ ಸರ್ಕಾರದೋರು ನಮ್ಮೋರನ್ನ ಕಡಲಿಗೆ ಇಳಿಯಾಕ ಬಿಡಂಗಿಲ್ರಿ. ಮೋಡ ಬಂತು ಅಂತ ಅದು ನಾಳಿಗೆ ಹೋದ್ರ, ನಾಳಿನೂ ಇಳಿಯಂಗಿಲ್ಲ. ಮೀನು ಬರೋ ಕಾಲದಾಗ ದಂಡಿ ಮ್ಯಾಲೆ ಕುಂತು ನೀರು ನೋಡಬೇಕು. ಇವರಣ್ಣ ಕೋಟಯ್ಯ ಭಾವ ಒಮ್ಮೆ ತಡೀಲಿಲ್ಲ. ಯಾರೂ ಏಳೋಕಿಂತ ಮುಂಚೆ ಒಬ್ಬನೇ ದೋಣಿ ತಗೊಂಡು ಹೋದ. ರಾಕೆಟ್ ಹೋತು, ಅವ ಬರಲಿಲ್ಲ."

ಏನಾಯಿತೆಂದು ಯಾರಿಗೂ ಗೊತ್ತಿಲ್ಲ. ದೋಣಿಯೂ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಹೋಗಬಾರದ ದಿನ ಹೋದವನನ್ನು ಹುಡುಕಿಕೊಡಿ ಎಂದು ಗಟ್ಟಿಯಾಗಿ ಕೇಳಲೂ ಮನೆಯವರಿಗೆ ಹೆದರಿಕೆ. ಕೋಟಯ್ಯನ ಹೆಂಡತಿ ಆದೆಮ್ಮ ಮಾತ್ರ, ಗಾಳಿಗೆ ಸಿಕ್ಕಿ ಪರದೇಶದ ನೀರಿಗೆ ಹೋಗಿರಬೇಕು, ಅಲ್ಲಿನ ಜೈಲಿನಲ್ಲಿದ್ದಾನೆ ಎಂದೇ ನಂಬಿದ್ದಳು. ಅಂಥವರು ಎಷ್ಟೋ ಕಾಲದ ಮೇಲೆ ಬಂದದ್ದುಂಟು. ಕರ್ಮ ಮಾಡಿಸಲು ಅವಳು ಒಪ್ಪಿರಲಿಲ್ಲ. ಪೋಲಯ್ಯ ಆ ಕಡಲನ್ನೇ ಬಿಟ್ಟು ಇಲ್ಲಿಗೆ ಬಂದಿದ್ದ.

ಹೊತ್ತು ಇಳಿಯುತ್ತಿತ್ತು. ಪೋಲಯ್ಯ ಬಲೆ ತೆಗೆಯಲು ಹರಿಗೋಲು ನೀರಿಗೆ ನೂಕಿದ. "ಬರ್ರಿ ಸಾರ್, ಹಕ್ಕಿ ಹತ್ತಿರದಿಂದ ನೋಡೀರಂತ," ಎಂದ. ನನ್ನ ಮನಸ್ಸಿಗೆ ಬೇಸರವಾಗಿದೆಯೆಂದು ಅವನಿಗೆ ಅನಿಸಿರಬೇಕು. ಹತ್ತಿ ಕುಳಿತೆ.

ನಡುನೀರಿಗೆ ಬಂದೆವು. ಗಾಳಿ ಇರಲಿಲ್ಲ. ಅವನು ಬಗ್ಗಿ ಬಲೆಯ ಹಗ್ಗಕ್ಕೆ ಕೈ ಹಾಕಿದ್ದ. ಆಗ ಕೇಳಿಸಿತು.

"ತಮ್ಮುಡೂ... ವಲ ಲಾಗು."

ತೆಲುಗಿನಲ್ಲಿ, ತಮ್ಮಾ, ಬಲೆ ಎಳೆ ಎಂದು. ತುಸು ಒಡಕು ದನಿ, ಕೊನೆಯಲ್ಲಿ ಎಳೆದು ಬಿಟ್ಟದ್ದು. ಆಚೆ ದಂಡೆಯಲ್ಲಿ ಕುರಿಯವನು ಯಾರೋ ಕೂಗಿದನೆಂದು ಕತ್ತೆತ್ತಿ ನೋಡಿದೆ. ಆಚೆ ದಂಡೆ ಬರಿದಾಗಿತ್ತು. ಮತ್ತೆ ಅದೇ ಮಾತು. ಈ ಸಲ ಹರಿಗೋಲಿನ ತೀರ ಪಕ್ಕದಿಂದ, ನೀರಿನ ಮಟ್ಟದಿಂದ ಬಂತು.

ಪೋಲಯ್ಯ ಬೆಚ್ಚಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು. ಕೆಲಸದ ನಡುವೆ ಮನೆಯವರು ಕರೆದರೆ ಓಗೊಡುವಂತೆ, "ಲಾಗುತುನ್ನಾ ಅನ್ನಾ," ಎಂದ. ಎಳೀತಿದ್ದೇನೆ ಅಣ್ಣಾ ಎಂದು.

ಬಲೆ ಬರಲಿಲ್ಲ. ನಾನೂ ಹಗ್ಗ ಹಿಡಿದೆ. ಇಬ್ಬರೂ ಎಳೆದೆವು. ಹರಿಗೋಲು ವಾಲಿ ನೀರು ಒಳಗೆ ನುಗ್ಗಿತು. ಕೆಳಗಿದ್ದದ್ದು ಕಲ್ಲಿನ ಹಾಗೆ ಬಿಗಿಯಾಗಿ ನಿಂತಿರಲಿಲ್ಲ, ಎಳೆದಷ್ಟೂ ಮೇಲೆ ಬಂದು ತನ್ನ ಭಾರಕ್ಕೆ ತಾನೇ ಜಗ್ಗುತ್ತಿತ್ತು. ಮುಳುಗಿದವರನ್ನು ನಾನೆಂದೂ ಎತ್ತಿದವನಲ್ಲ, ಆದರೂ ಅದು ಮನುಷ್ಯನ ಭಾರವೆಂದು ನನ್ನ ತೋಳುಗಳಿಗೆ ಅನಿಸಿತು. "ಬಿಡೋ ಪೋಲಯ್ಯ, ಮುಳುಗ್ತೀವಿ!" ಎಂದು ಕಿರುಚಿದೆ. ಅವನು ಬಿಡಲಿಲ್ಲ. ಅಷ್ಟರಲ್ಲಿ ಭಾರ ತಾನಾಗಿಯೇ ಹೋಯಿತು. ಇಬ್ಬರೂ ಹಿಂದಕ್ಕೆ ಬಿದ್ದೆವು.

ಬಲೆ ಎಲ್ಲೂ ಹರಿದಿರಲಿಲ್ಲ. ಅದರಲ್ಲಿ ಒಂದು ಮೀನೂ ಇರಲಿಲ್ಲ. ಮುಖಕ್ಕೆ ಎರಚಿದ ನೀರನ್ನು ಒರೆಸಿಕೊಳ್ಳುವಾಗ ತುಟಿಗೆ ತಾಗಿತು. ಉಪ್ಪು. ಬೆವರಿರಬೇಕೆಂದು ಬಲೆಯ ನೂಲನ್ನೇ ನಾಲಿಗೆಗೆ ಮುಟ್ಟಿಸಿದೆ. ಬಾಯಿ ಕಹಿಯಾಗುವಷ್ಟು ಉಪ್ಪು.

ದಂಡೆಗೆ ಬಂದಾಗ ಗೌರಮ್ಮ ನೀರಿನವರೆಗೆ ಓಡಿಬಂದಿದ್ದಳು. ನನ್ನ ಕಿರುಚಾಟ ಅವಳಿಗೆ ಕೇಳಿತ್ತು, ಬೇರೆ ಯಾವ ದನಿಯೂ ಕೇಳಿರಲಿಲ್ಲ. "ಏನಾತ್ರಿ?" ಎಂದಳು. ಪೋಲಯ್ಯ ಒದ್ದೆ ಬಲೆಯನ್ನು ಎದೆಗೆ ಒತ್ತಿಕೊಂಡು ಕುಳಿತುಬಿಟ್ಟ. "ಅಣ್ಣ ಬಂದಿದ್ದ. ಕೈ ಬಿಟ್ಟು ಹೋದ," ಎಂದ. ಆಮೇಲೆ ಅತ್ತ.

ಅವನು ಮರುದಿನವೇ ಗೌರಮ್ಮನನ್ನು ಕರೆದುಕೊಂಡು ಊರಿಗೆ ಹೊರಟ. ನಾನು ಒಂದು ಬಾಟಲಿ ತೆಗೆದುಕೊಂಡು ಡ್ಯಾಮಿಗೆ ಹೋದೆ. ದಂಡೆಯ ನೀರು, ಇನ್ನೊಬ್ಬ ಮೀನುಗಾರನಿಂದ ತರಿಸಿದ ನಡುವಿನ ನೀರು, ಎರಡೂ ಸಿಹಿ. ಬಲೆ ಮುಳುಗಿದ ಜಾಲಿಮರಕ್ಕೆ ಸಿಕ್ಕಿರಬಹುದು. ಹೆದರಿದವನ ಬಾಯಿಗೆ ಏನೇನೋ ರುಚಿ ಬರಬಹುದು. ಇದನ್ನೇ ಹೇಳಿಕೊಂಡು ಸಮಾಧಾನವಾಗಿದ್ದೆ. ಅಷ್ಟರಲ್ಲಿ ಪೋಲಯ್ಯನ ನಂಬರಿನಿಂದ ಫೋನ್ ಬಂತು. ಮಾತಾಡಿದವಳು ಆದೆಮ್ಮ. ತೆಲುಗಿನಲ್ಲಿ ಅವಳು ಕೇಳಿದ್ದು ಇಷ್ಟು:

"ಬಾಬೂ, ಇವನು ಒಡಹುಟ್ಟಿದವನು. ಅಣ್ಣನ ಮೇಲಿನ ಆಸೆಗೆ ಏನೇನೋ ಕೇಳಿಸೀತು. ನೀವು ಹೊರಗಿನವರು, ಪಾಠ ಹೇಳುವವರು. ನಿಮಗೂ ಕೇಳಿಸಿತಾ?"

"ಕೇಳಿಸಿತಮ್ಮ," ಎಂದೆ.

"ದನಿ ಹೇಗಿತ್ತು?"

ಹೇಗಿತ್ತೋ ಹಾಗೆ ಹೇಳಿದೆ. ಅವಳ ಹಿಂದೆ ಕಡಲಿನ ಸದ್ದು ಬರುತ್ತಿತ್ತು.

"ನನ್ನ ಹೆಸರು ಹೇಳಿದನಾ?"

"ಇಲ್ಲಮ್ಮ."

ಅದೇ ವಾರ ಅವಳು ಕೋಟಯ್ಯನ ಕರ್ಮ ಮಾಡಿಸಿದಳಂತೆ.

ಇದನ್ನೆಲ್ಲ ನನ್ನ ಹೆಂಡತಿಗೆ ಹೇಳಿದೆ. "ಕೇಳಿಸಿದ್ದನ್ನ ಕೇಳಿಸ್ತು ಅಂದೀರಿ. ಅದಕ್ಯಾಕ ಇಷ್ಟು ಕೊರಗ್ತೀರಿ?" ಎಂದಳು. ಸರಿಯೇ. ಸುಳ್ಳು ಹೇಳಿಲ್ಲ ನಾನು. ಆದರೆ ಏನು ಕೇಳಿಸಿತೆಂದು ನನಗೇ ಗೊತ್ತಿಲ್ಲದಾಗ, ಆ ಒಂದು ಮಾತಿನ ಮೇಲೆ ಒಬ್ಬ ಹೆಂಗಸು ಕುಂಕುಮ ಅಳಿಸಿಕೊಂಡಳು.

ಪೋಲಯ್ಯ ಮತ್ತೆ ಡ್ಯಾಮಿಗೆ ಬರಲಿಲ್ಲ. ಊರಿನಲ್ಲೇ ಉಳಿದು ಅಣ್ಣನ ಮನೆಯನ್ನೂ ನೋಡಿಕೊಳ್ಳುತ್ತಿದ್ದಾನೆ. ಆಗೀಗ ಫೋನ್ ಮಾಡುತ್ತಾನೆ. ಅವನ ಹೆಸರು ಕಂಡಾಗಲೆಲ್ಲ ಎತ್ತುವ ಮುಂಚೆ ನನ್ನ ಕೈ ತಡೆಯುತ್ತದೆ. ಎಲ್ಲಿಂದಲೋ ಬಿಡುಗಡೆಯಾಗಿ ಅಣ್ಣ ಮನೆಗೆ ಬಂದ ಎಂದು ಇವನು ಹೇಳಿದರೆ, ಅಂದು ನಮ್ಮನ್ನು ಕರೆದವನು ಯಾರು? ಇಲ್ಲಿಯವರೆಗೆ ಅವನು ಹಾಗೆ ಹೇಳಿಲ್ಲ. ಹೇಳಲಿ ಎಂದೂ ಆಸೆಯಾಗುತ್ತದೆ, ಹೇಳಿಬಿಟ್ಟಾನೆಂದೂ ಭಯವಾಗುತ್ತದೆ.