ಟವೆಲ್ಲಿನ ಕೆಳಗಿನ ವ್ಯಾಪಾರ

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ನಮ್ಮ ನರಸಿಂಹಪ್ಪ ಕೈ ಹಿಡಿಯದ ವ್ಯಾಪಾರಿ ಇಲ್ಲ. ಹೆಗಲ ಮೇಲಿನ ಟವೆಲ್ಲನ್ನು ಇಬ್ಬರ ಕೈ ಮೇಲೂ ಹೊದಿಸಿ, ಒಳಗೊಳಗೇ ಬೆರಳು ಒತ್ತಿ ರೇಟು ಹೇಳುವುದು ಅವನ ಕಸುಬು. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ರೇಟು ಕುದುರುವ ತನಕ ಕೈ ಬಿಡಬಾರದು. ಇಷ್ಟು ಜನರ ಕೈ ಹಿಡಿದ ಪುಣ್ಯಾತ್ಮ ಹೆಂಡತಿಯ ಕೈಯನ್ನು ಮಾತ್ರ, ಧಾರೆಯ ದಿನ ಹಿಡಿದವನು, ಮತ್ತೆ ನಾಲ್ಕು ಜನರೆದುರು ಮುಟ್ಟಿರಲಿಲ್ಲ. ಮನೆಯ ಫೋಟೊಗಳಲ್ಲೆಲ್ಲ ಇಬ್ಬರ ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ.

ಕಳೆದ ವರ್ಷ ಮಾವಿನ ರಸದ ಕಂಪನಿಯೊಂದು ಮಂಡಿಯ ಕೆಲವರನ್ನು ಹೆಂಡತಿಯರ ಸಮೇತ ಸ್ಪೇನಿಗೆ ಕರೆದುಕೊಂಡು ಹೋಯಿತು. ನಾನೂ ಹೋಗಿದ್ದೆ. ನರಸಿಂಹಪ್ಪನ ಹೆಂಡತಿ ಸುನಂದಮ್ಮನಿಗೆ ಇದ್ದದ್ದು ಒಂದೇ ಆಸೆ: ಗಂಡನ ಕೈ ಹಿಡಿದು ನಿಂತ ಒಂದು ಫೋಟೊ. ಆಕೆಯ ತಂಗಿ ಅಂಥದ್ದೊಂದನ್ನು ಗೋಡೆಗೆ ಹಾಕಿಸಿದ್ದಳು. ಅದರ ಎದುರು ಕೂತು ಕಾಫಿ ಕುಡಿದು ಕುಡಿದು ಈಕೆಗೆ ಸಾಕಾಗಿತ್ತು. ಆದರೆ ಹೋದ ಕಡೆಯಲ್ಲೆಲ್ಲ ನರಸಿಂಹಪ್ಪ "ಮಂಡಿಯೋರು ನೋಡ್ತಾವ್ರೆ ಕಣೇ" ಎಂದು ಜಾರಿಕೊಳ್ಳುತ್ತಿದ್ದ. ಅವನ ಭಯ ಸುಳ್ಳೇನಲ್ಲ. ನಮ್ಮ ಬಾಯಿ ಅಂಥದ್ದು.

ಕೊನೆಯ ದಿನ ಮೆರಿಡಾ ಎಂಬ ಊರು. ಎರಡು ಸಾವಿರ ವರ್ಷದ ಹಿಂದೆ ರೋಮನ್ನರು ಕಟ್ಟಿದ್ದಂತೆ. ಅವರು ಬಿಟ್ಟುಹೋದ ಒಡಕು ಮಡಕೆ, ಹಳೇ ಇಟ್ಟಿಗೆ, ತಲೆಯಿಲ್ಲದ ಬೊಂಬೆಗಳನ್ನೆಲ್ಲ ಗುಡ್ಡೆ ಹಾಕಿ ಮ್ಯೂಸಿಯಂ ಮಾಡಿದ್ದಾರೆ. ನಮಗೋ ಹೊಟ್ಟೆ ಚುರುಗುಟ್ಟುತ್ತಿತ್ತು. ಅಷ್ಟರಲ್ಲಿ ನರಸಿಂಹಪ್ಪ ಒಂದು ಕಲ್ಲಿನ ಮುಂದೆ ನಿಂತು ಎಲ್ಲರನ್ನೂ ತೆಲುಗಿನಲ್ಲಿ ಕೂಗತೊಡಗಿದ. ಖುಷಿ ಹೆಚ್ಚಾದರೆ ಅವನ ಬಾಯಿಗೆ ಬರುವುದು ತೆಲುಗೇ.

ಕಲ್ಲಿನಲ್ಲಿ ಇಬ್ಬರು ಬಲಗೈ ಹಿಡಿದು ನಿಂತಿದ್ದರು. ಮುಖ ಸವೆದುಹೋಗಿತ್ತು. ಹೆಗಲಿಂದ ಇಳಿಬಿದ್ದ ಬಟ್ಟೆ ಕೈಗಳನ್ನು ಅರ್ಧ ಮುಚ್ಚಿತ್ತು.

"ನಮ್ಮೋರೇ ಕಣ್ರಪ್ಪಾ, ದಲ್ಲಾಳಿಗಳು. ಟವೆಲ್ ನೋಡಿ" ಎಂದ ನರಸಿಂಹಪ್ಪ. ಎಡಗಡೆಯವನು ಮಾಲು ಕೊಡುವವನು, ಬಲಗಡೆಯವನು ಚೌಕಾಸಿ ಮಾಡುತ್ತಿದ್ದಾನೆ ಎಂದೂ ವಿವರಿಸಿದ. ನಾವೆಲ್ಲ ಹೌದು ಹೌದು ಎಂದು ತಲೆಯಾಡಿಸಿದೆವು. ರೋಮನ್ನರ ಮೇಲೆ ನಮಗೆ ಮೊದಲ ಸಲ ಗೌರವ ಬಂತು.

ನಮ್ಮನ್ನು ಸುತ್ತಾಡಿಸಲು ಕಂಪನಿ ಕಳಿಸಿದ್ದ ದಿವ್ಯ ಎಂಬ ಹುಡುಗಿ ಪಕ್ಕದ ಫಲಕ ಓದಿ ನಕ್ಕಳು. ಅದು ಸಮಾಧಿಯ ಕಲ್ಲಂತೆ. ಇವರು ಗಂಡ ಹೆಂಡತಿಯಂತೆ. ಹೆಂಡತಿ ಸತ್ತಾಗ ಗಂಡ ಕೆತ್ತಿಸಿ, ಆಮೇಲೆ ತಾನೂ ಅದರಡಿಯೇ ಮಣ್ಣಾದನಂತೆ.

ಸುನಂದಮ್ಮ ಕಲ್ಲನ್ನೇ ನೋಡುತ್ತ ಹೇಳಿದಳು: "ಆ ಯಪ್ಪ ಸತ್ಮೇಲೂ ಕೈ ಬಿಟ್ಟಿಲ್ಲ. ನೀವು ಬದುಕಿರೋವಾಗ್ಲೇ ಹಿಡೀಲಿಲ್ಲ."

ನಮ್ಮ ಹೆಂಡತಿಯರೆಲ್ಲ ಒಮ್ಮೆಗೇ ನಮ್ಮ ಕಡೆ ತಿರುಗಿದರು. ನನಗಂತೂ ನಾಚಿಕೆಯಾಯಿತು.

ನರಸಿಂಹಪ್ಪನ ಮುಖ ಕೆಂಪಾಯಿತು. ಒಮ್ಮೆ ನಮ್ಮನ್ನು ನೋಡಿದ, ಒಮ್ಮೆ ಆಕೆಯನ್ನು. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಹೆಂಡತಿಯ ಬಲಗೈ ಮೇಲೆ ಹೊದಿಸಿ, ತನ್ನ ಕೈಯನ್ನು ಒಳಗೆ ತೂರಿಸಿದ. ಆಕೆ ಒಳಗೆ ಏನು ಒತ್ತಿದಳೋ, ಇವನು ಅಭ್ಯಾಸ ಬಲದಿಂದ "ಸ್ವಲ್ಪ ಕಮ್ಮಿ ಮಾಡ್ಕೊಳ್ಳೇ" ಎಂದು ಗೊಣಗಿದ. ಆಕೆ ಬೇಡವೆಂದು ತಲೆಯಾಡಿಸಿದಳು. ಕಣ್ಣು ತುಂಬಿತ್ತು, ನಗುತ್ತಲೂ ಇದ್ದಳು.

ದಿವ್ಯ ಫೋಟೊ ತೆಗೆದಳು. ಹೊರಗೆ ಬಸ್ಸು ಕಾಯುತ್ತಿತ್ತು. ನಮ್ಮ ಜೊತೆ ಬಂದಿದ್ದ ಪಕ್ಕದ ಅಂಗಡಿಯ ಚನ್ನರಾಯಪ್ಪನಿಗೆ ತಡೆಯಲಾಗಲಿಲ್ಲ. "ಫೋಟೊ ಆಯ್ತಲ್ಲಯ್ಯಾ, ಇನ್ನು ಕೈ ಬಿಡು" ಎಂದ.

ನರಸಿಂಹಪ್ಪ ಅವನತ್ತ ತಿರುಗಲೂ ಇಲ್ಲ.

"ರೇಟು ಇನ್ನೂ ಕುದುರಿಲ್ಲ," ಎಂದ. "ನೀನು ನಡಿ."