ಬಲಗಂಬದ ಫೆಸ್ಟಿ

ಫೆಸ್ಟಿ ಮ್ಯಾನಿಯನ್ ಸತ್ತು ಎರಡು ವರ್ಷವಾಯಿತು. ಐರ್ಲೆಂಡಿನ ಗಾಲ್ವೇಯ ಈ ಪೂರ್ವದ ಸೀಮೆಯಲ್ಲಿ ಅವನ ಹೆಸರೆತ್ತಿದರೆ ಇವತ್ತಿಗೂ ಯಾರಾದರೊಬ್ಬ ಕಿಸಕ್ಕನೆ ನಗುತ್ತಾನೆ. ನಗುವವನ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತದೆ. ಆದರೆ ಬಾರಿಸುವ ಯೋಗ್ಯತೆ ನನಗಿಲ್ಲ. ಯಾಕಿಲ್ಲ ಅನ್ನುವುದನ್ನು ಹೇಳಿಬಿಡೋಣ ಅಂತಲೇ ಕೂತಿದ್ದೇನೆ.

ಅವನು ಹಾಲಿನ ಲಾರಿಯ ಡ್ರೈವರ್. ಮೂವತ್ತೊಂದು ವರ್ಷ ಅದೇ ದಾರಿ, ಅದೇ ಕೊಟ್ಟಿಗೆಗಳು. ಕುಳ್ಳ ಆಳು, ದೊಡ್ಡ ಕಿವಿ, ಮಾತು ಕಮ್ಮಿ. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, "ಹಸುಗಳೆಲ್ಲಾ ಒಪ್ಪಿದ್ವು ಕಣೋ ಜಾರ್ಲತ್, ಹೆಂಗಸರೇ ಒಪ್ಪಲಿಲ್ಲ" ಅನ್ನುತ್ತಿದ್ದ. ಅವನಿಗೆ ಇದ್ದವಳು ಒಬ್ಬಳೇ ಅಕ್ಕ, ಡೆಲಿಯಾ. ಹತ್ತೊಂಬತ್ತಕ್ಕೇ ಕೆನಡಾದ ವಿನಿಪೆಗ್‌ಗೆ ನರ್ಸಾಗಿ ಹೋದವಳು, ಈಗ ಸೊಂಟ ಬಿದ್ದು ಅಲ್ಲೇ ಒಂದು ವೃದ್ಧರ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಪ್ರತಿ ಭಾನುವಾರ ಆಟ ಮುಗಿದ ಮೇಲೆ ಇವನು ಅವಳಿಗೆ ಫೋನ್ ಮಾಡಿ, ಯಾರು ಹೊಡೆದರು, ಯಾರು ಬಿದ್ದರು, ಒಂದೂ ಬಿಡದೆ ಒಪ್ಪಿಸುತ್ತಿದ್ದ. ಮಾತು ಕಮ್ಮಿಯವನು ಅಲ್ಲಿ ಮಾತ್ರ ಒಂದು ಗಂಟೆ ಮಾತಾಡುತ್ತಿದ್ದ.

ಕೋಲಿನಿಂದ ಚೆಂಡು ಹೊಡೆಯುವ ನಮ್ಮ ಹರ್ಲಿಂಗ್ ಆಟದಲ್ಲಿ ರೆಫರಿಯಾದವನು ಗೋಲುಕಂಬಗಳ ಬಳಿ ನಿಲ್ಲುವ ನಾಲ್ಕು ಜನರನ್ನು ತನ್ನ ಬಂಧುಬಳಗದಲ್ಲೇ ಆರಿಸಿ ಜೊತೆಗೆ ಕರೆದುಕೊಂಡು ಹೋಗುವುದು ನಮ್ಮ ಪದ್ಧತಿ. ನಮ್ಮೂರ ರೆಫರಿ ಗೇಬ್ರಿಯಲ್ ಫಾಹಿ. ಆ ತುದಿಗೆ ಅವನ ಭಾವಮೈದುನರಿಬ್ಬರು, ಈ ತುದಿಗೆ ನಾನು ಮತ್ತು ಫೆಸ್ಟಿ. ಒಂದೇ ಕಾರಿನಲ್ಲಿ ಐದು ಜನ, ತೊಡೆಯ ಮೇಲೆ ಹ್ಯಾಮ್ ಸ್ಯಾಂಡ್‌ವಿಚ್ಚಿನ ಪೊಟ್ಟಣ, ಹಿಂದೆ ಬಿಳಿ ಕೋಟುಗಳು. ಇಪ್ಪತ್ತೆರಡು ವರ್ಷ ನನ್ನದು ಎಡಗಂಬ, ಅವನದು ಬಲಗಂಬ. ಚೆಂಡು ಬಲೆಗೆ ಬಿದ್ದರೆ ನಾನು ಹಸಿರು ಬಾವುಟ ಎತ್ತಬೇಕು. ಅಡ್ಡಪಟ್ಟಿಯ ಮೇಲಿಂದ ಕಂಬಗಳ ನಡುವೆ ಹಾದರೆ ಒಂದು ಪಾಯಿಂಟು, ಅವನು ಬಿಳಿಯದನ್ನು ಎತ್ತಬೇಕು. ಹೊರಗೆ ಹೋದರೆ ಕೈ ಅಗಲಿಸಿ ತೋರಿಸಬೇಕು.

ಚೆಂಡು ಯಾರ ಕಂಬದ ಕಡೆ ಬಂತೋ ಅವನ ಮಾತೇ ಮಾತು. ಇನ್ನೊಬ್ಬ ಜನರೆದುರು ತುಟಿ ಬಿಚ್ಚುವ ಹಾಗಿಲ್ಲ. ಆದರೆ ಚೆಂಡು ಕಂಬದ ತುದಿಗಿಂತ ಎತ್ತರದಲ್ಲಿ ಹಾದಾಗ ಒಳಗೋ ಹೊರಗೋ ದೇವರಿಗೇ ಗೊತ್ತಾಗುವುದಿಲ್ಲ. ಅದಕ್ಕೇ ನಮ್ಮಿಬ್ಬರದು ಒಂದು ಗುಟ್ಟಿನ ಸನ್ನೆ ಇತ್ತು. ಅನುಮಾನ ಬಂದವನು ಇನ್ನೊಬ್ಬನ ಕಡೆ ನೋಡುವುದು. ಇನ್ನೊಬ್ಬ ಕೋಟಿನ ಮೇಲಿನ ಗುಂಡಿ ಮುಟ್ಟಿದರೆ ಚೆಂಡು ಹೊರಗೆ, ಕೈ ಬೆನ್ನ ಹಿಂದೆಯೇ ಇದ್ದರೆ ಒಳಗೆ. ಈ ಸನ್ನೆ ಒಂದು ಸಲವೂ ತಪ್ಪಿರಲಿಲ್ಲ. ಫೆಸ್ಟಿ ಬಾವುಟ ಎತ್ತಿದನೆಂದರೆ ಸೋತ ಊರಿನವರೂ ಬಾಯಿಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದರು. ಅವನ ಆಸ್ತಿ ಅಂತ ಇದ್ದದ್ದು ಅದೊಂದೇ.

ಹಾಗಿರುವಾಗ ಹೊರದೇಶದ ಹೊಸ ಚಾನಲ್ಲೊಂದು ಬಂತು. ಹರ್ಲಿಂಗ್ ಅಂದರೆ ಏನೆಂದೇ ಗೊತ್ತಿಲ್ಲದ ಜರ್ಮನಿ, ಸಿಂಗಪುರ, ಕೆನಡಾಗಳಿಗೆ ನಮ್ಮ ಕೌಂಟಿ ಫೈನಲ್ ತೋರಿಸುತ್ತದಂತೆ. ಗೇಬ್ರಿಯಲ್‌ಗೆ ಸಿಕ್ಕ ಮೊದಲ ಫೈನಲ್ ಅದು. ಹಿಂದಿನ ದಿನ ಹಾನೆಕೆ ಎಂಬ ಹಾಲೆಂಡಿನ ಹುಡುಗಿ ಬಂದು ನಮ್ಮ ಗೋಲಿನ ಹಿಂದೆ ಕ್ಯಾಮರಾ ನಿಲ್ಲಿಸಿದಳು.

"ಚೆಂಡು ಇಷ್ಟು ಚಿಕ್ಕದು, ಅಷ್ಟು ಜೋರು. ಹೊಸಬರ ಕಣ್ಣಿಗೆ ಬೀಳೋದೇ ಇಲ್ಲ. ನಿಮ್ಮ ಬಾವುಟ ನೋಡೇ ಅವರಿಗೆ ಆಟ ಗೊತ್ತಾಗ್ಬೇಕು," ಎಂದಳು ಫೆಸ್ಟಿಗೆ. "ಎತ್ತುವಾಗ ಈ ಕೆಂಪು ದೀಪದ ಕಡೆ ಒಂಚೂರು ತಿರುಗ್ತೀರಾ? ಗಲ್ಲ ಮೇಲೆ." ಆಮೇಲೆ ನನ್ನ ಕಡೆ ತಿರುಗಿ, "ನೀವು ಸ್ವಲ್ಪ ಆಚೆ ಸರೀರಿ, ಅಡ್ಡ ಬರ್ತೀರಿ," ಎಂದಳು.

ಸರಿದೆ. ಇಪ್ಪತ್ತೆರಡು ವರ್ಷ ನಿಂತ ಜಾಗದಿಂದ ಸರಿದೆ, ಮೈಯೆಲ್ಲ ಉರಿದುಹೋಯಿತು.

ಫೆಸ್ಟಿ ಅವಳನ್ನು ಕೇಳಿದ್ದು ಒಂದೇ ಮಾತು: "ವಿನಿಪೆಗ್‌ನಲ್ಲೂ ಬರುತ್ತೇನಮ್ಮಾ?" ಬರುತ್ತೆ ಅಂದಳು. ಆಗ ಅವನ ಮುಖ ನೋಡಬೇಕಿತ್ತು. ನಲವತ್ತು ವರ್ಷದಿಂದ ಕಿವಿಯಲ್ಲಿ ಕೇಳಿದ್ದನ್ನು ಅಕ್ಕ ಈಗ ಕಣ್ಣಾರೆ ನೋಡುತ್ತಾಳೆ, ಬಿಳಿ ಕೋಟಿನ ತಮ್ಮನನ್ನು ವಾರ್ಡಿನವರಿಗೆಲ್ಲ ತೋರಿಸುತ್ತಾಳೆ. ಮರುದಿನ ಕೂದಲು ಕತ್ತರಿಸಿಕೊಂಡು, ಕೋಟಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಂಡು ಬಂದ. ಮಡಿಕೆ ಮುರಿದೀತೆಂದು ಕಾರಿನಲ್ಲಿ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದ.

"ಏನಪ್ಪಾ ಹೀರೋ, ಪೌಡರ್ ಗಿವುಡರ್ ಹಚ್ಕೊಂಡ್ಯೋ?" ಎಂದ ಗೇಬ್ರಿಯಲ್.

"ಕಿವಿಗೆ ಹಚ್ಕೋಬೇಕಿತ್ತು. ಪರದೆ ತುಂಬಾ ಅವೇ ಕಾಣೋದು," ಎಂದೆ ನಾನು. ಎಲ್ಲರೂ ನಕ್ಕರು, ಫೆಸ್ಟಿಯೂ ನಕ್ಕ. ನಾನು ತಮಾಷೆಗೆ ಹೇಳಿರಲಿಲ್ಲ.

ಆಟ ಶುರುವಾದಾಗಿನಿಂದ ಜಿಟಿಜಿಟಿ ಮಳೆ. ಡ್ರಮ್‌ಬಾನ್ ಊರಿನವರು ಕಪ್ ಮುಟ್ಟಿ ಐವತ್ತೆಂಟು ವರ್ಷವಾಗಿತ್ತು. ಎದುರಾಳಿ ಕಿಲ್‌ಕರನ್. ಕೊನೆಯ ನಿಮಿಷದಲ್ಲಿ ಎರಡೂ ಸಮ. ಆಗ ಕಿಲ್‌ಕರನ್‌ನವನೊಬ್ಬ ಅರವತ್ತು ಗಜದಾಚೆಯಿಂದ ಬೀಸಿ ಹೊಡೆದ. ಚೆಂಡು ಮೋಡಕ್ಕೆ ಹೋಗಿ, ಫೆಸ್ಟಿಯ ಕಂಬದ ತುದಿಗಿಂತ ಮೇಲೆ, ಒಂದು ಮೊಳ ಹೊರಗೆ ಹಾದು ಹೋಯಿತು. ನಾನು ನೋಡಿದೆ. ಕೈಯಲ್ಲಿ ಹಿಡಿದಷ್ಟು ಸ್ಪಷ್ಟವಾಗಿ ನೋಡಿದೆ. ಫೆಸ್ಟಿ ಆ ಒಂದು ಗಳಿಗೆ ಕೆಂಪು ದೀಪ ಹತ್ತಿದೆಯೋ ಇಲ್ಲವೋ ಎಂದು ಕಣ್ಣು ತಿರುಗಿಸಿದ್ದ. ಮತ್ತೆ ತಲೆ ಎತ್ತುವಷ್ಟರಲ್ಲಿ ಚೆಂಡು ಗೋಲಿನ ಹಿಂದೆ ಆಚೆ ಹೋದ ಚೆಂಡು ತಡೆಯಲು ಕಟ್ಟಿದ ಎತ್ತರದ ಬಲೆಯಲ್ಲಿತ್ತು.

ಅವನು ನನ್ನ ಕಡೆ ನೋಡಿದ.

ಗುಂಡಿ ಮುಟ್ಟಬೇಕಿತ್ತು. ಕೈ ಬೆನ್ನ ಹಿಂದಿತ್ತು, ಅಲ್ಲೇ ಇಟ್ಟುಕೊಂಡೆ. ಕೈ ಮರಗಟ್ಟಿತ್ತು, ಗಾಬರಿಯಾಯಿತು, ಎಂದೆಲ್ಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಎಲ್ಲ ಬೊಗಳೆ. ದೀಪ ನಿನ್ನ ಮೇಲೆ ತಾನೆ ಇರೋದು, ನೀನೇ ನೋಡ್ಕೋ ಮಗನೇ, ಎಂದುಕೊಂಡೆ. ಅಷ್ಟೇ. ಹೊಟ್ಟೆಕಿಚ್ಚು. ಕಣ್ಣು ಮಿಟುಕಿಸುವಷ್ಟು ಹೊತ್ತು ಇತ್ತು, ಆಮೇಲೆ ಇಳಿದುಹೋಯಿತು. ಅಷ್ಟರಲ್ಲಿ ಅವನು ನನ್ನನ್ನು ನಂಬಿ ಬಿಳಿ ಬಾವುಟ ಎತ್ತಿಯಾಗಿತ್ತು, ಆ ಹುಡುಗಿ ಹೇಳಿಕೊಟ್ಟ ಹಾಗೇ, ಗಲ್ಲ ಮೇಲೆ ಮಾಡಿ.

ಒಂದು ಪಾಯಿಂಟಿನಿಂದ ಡ್ರಮ್‌ಬಾನ್ ಸೋತಿತು. ಹಿಂದೆಲ್ಲಾ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಈ ಸಲ ಚಾನಲ್‌ನವರು ಹೊಸ ಜನಕ್ಕೆ ಅರ್ಥವಾಗಲಿ ಎಂದು ನಿಧಾನಗತಿಯಲ್ಲಿ ನಾಲ್ಕು ಸಲ ತೋರಿಸಿದರು: ಹೊರಗೆ ಹೋಗುವ ಚೆಂಡು, ಕ್ಯಾಮರಾ ನೋಡುತ್ತಿರುವ ಮುದುಕ, ಮೇಲೇರುವ ಬಾವುಟ. ಯಾರೋ ಅದನ್ನು ತುಂಡು ಮಾಡಿ ಡೋಲು ಪೀಪಿ ಸೇರಿಸಿದರು. ಹರ್ಲಿಂಗ್ ಕೋಲನ್ನೇ ಕಾಣದವರು ಊರೂರಲ್ಲಿ ನಕ್ಕರು. ಬಿಳಿ ಕೋಟು ನೋಡಿ ಅವನಿಗೆ 'ಡಾಕ್ಟರ್' ಎಂದು ಹೆಸರಿಟ್ಟರು. ಬೇಸಿಗೆಯಲ್ಲಿ ಬರುವ ಪ್ರವಾಸಿಗರು ಆ ಸಲ ಚಳಿಗಾಲದಲ್ಲೇ ಬಂದು ಅಂಗಡಿ ಮುಂದೆ ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅವನು ಗಲ್ಲ ಮೇಲೆ ಮಾಡಿ ನಿಲ್ಲುತ್ತಿದ್ದ. ಏನು ಮಾಡಿಯಾನು, ಪಾಪ.

ಕೌಂಟಿ ಸಮಿತಿಯವರು ನಮ್ಮನ್ನು ಕರೆಸಿದರು. "ಎಡಗಂಬದಲ್ಲಿದ್ದೆಯಲ್ಲ, ನೀನೇನಯ್ಯ ನೋಡಿದೆ?" ಎಂದು ಅಧ್ಯಕ್ಷ ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಫೆಸ್ಟಿ ಎದ್ದ.

"ಅವನಿಗೇನೂ ಕಂಡಿಲ್ಲ ಸ್ವಾಮಿ. ಬಿಸಿಲು ಕಣ್ಣಿಗೇ ಹೊಡೀತಿತ್ತು. ನೋಡಿದ್ದು ನಾನೊಬ್ಬನೇ, ತಪ್ಪು ನನ್ನೊಬ್ಬಂದೇ."

ಮೇಜಿನ ಸುತ್ತ ಇದ್ದ ಐವರೂ ಅವತ್ತು ಕೊರಳಪಟ್ಟಿ ಏರಿಸಿಕೊಂಡು ಮಳೆಯಲ್ಲಿ ನೆನೆದವರೇ. ಆದರೂ ಹಾಗೇ ಬರೆದುಕೊಂಡರು. ಫಲಿತಾಂಶ ಉಳಿಯಿತು, ಫೆಸ್ಟಿಯ ಬಿಳಿ ಕೋಟು ಹೋಯಿತು, ಗೇಬ್ರಿಯಲ್‌ಗೆ ಮತ್ತೆ ಯಾವ ಫೈನಲ್ಲೂ ಸಿಗಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಫೆಸ್ಟಿ, "ಹೀಟರ್ ಸ್ವಲ್ಪ ಜಾಸ್ತಿ ಮಾಡೋ ಜಾರ್ಲತ್, ಕಾಲು ತಣ್ಣಗಾಗಿದೆ," ಎಂದ. ಜಾಸ್ತಿ ಮಾಡಿದೆ. ಆಗ ಹೇಳಬಹುದಿತ್ತು.

ಅವನ ಲಾರಿಯ ದಾರಿಯಲ್ಲಿ ಅರ್ಧ ಮನೆಗಳು ಡ್ರಮ್‌ಬಾನ್‌ನವು. ಚಹಾ ಕೊಡುತ್ತಿದ್ದವರು ಬಾಗಿಲು ಹಾಕಿಕೊಂಡರು. ಗೇಟಿನ ಕಂಬಗಳ ಮೇಲೆ ಹಳೆಯ ಕನ್ನಡಕ ಕಟ್ಟಿದರು, ಒಂದಲ್ಲ, ಹನ್ನೊಂದು. ಅವನು ಒಂದನ್ನೂ ಬಿಚ್ಚಲಿಲ್ಲ. ಭಾನುವಾರ ಆಟಕ್ಕೆ ಬರುವುದು ಬಿಟ್ಟ. ಅಕ್ಕನಿಗೆ ಹೇಳುವುದಕ್ಕೆ ಆಟವಿಲ್ಲದೆ ಫೋನೂ ಕಮ್ಮಿಯಾಯಿತು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಲಾರಿ ರಸ್ತೆ ಬದಿಯಲ್ಲಿ ಎಂಜಿನ್ ಓಡುತ್ತಾ ನಿಂತಿತ್ತು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ. ಅವನನ್ನು ನೋಡಿ ಲಾರಿ ಹತ್ತಿ ಎಂಜಿನ್ ಆರಿಸಿದವನು ಡ್ರಮ್‌ಬಾನ್‌ನವನೇ.

ಹೆಣ ಹೊತ್ತವರಲ್ಲಿ ನಾನೊಬ್ಬ. ಅವನಿಗೆ ನನಗಿಂತ ಹತ್ತಿರದವರು ಯಾರಿದ್ದರು? ಬರಲಾರದವರು ನೋಡಲಿ ಎಂದು ನಮ್ಮ ಇಗರ್ಜಿಯಲ್ಲೂ ಕ್ಯಾಮರಾ ಇದೆ. ಡೆಲಿಯಾ ಹಾಸಿಗೆಯಿಂದಲೇ ಎಲ್ಲ ನೋಡಿದ್ದಳು. ಮಣ್ಣು ಮಾಡಿ ಮನೆಗೆ ಬಂದು ಶೂ ಬಿಚ್ಚುತ್ತಿದ್ದೆ, ಅವಳ ಫೋನ್ ಬಂತು.

"ಬಲಗಡೆ ಮುಂದೆ ಹೊತ್ತಿದ್ದು ನೀನೇ ಅಲ್ವೇನೋ ಜಾರ್ಲತ್?"

"ಹೌದಕ್ಕಾ."

"ಅವತ್ತಿನ ಆಟ ನನ್ನ ಹತ್ರ ಪೂರ್ತಿ ಇದೆ. ಜನ ನಗೋ ತುಂಡಲ್ಲ, ಪೂರ್ತಿ. ಗುಂಡಿ ವಿಷ್ಯ ಫೆಸ್ಟಿ ನಂಗೆ ಯಾವತ್ತೋ ಹೇಳಿದ್ದ. ನಿನ್ನ ಕಣ್ಣಿಗೆ ಬಿಸಿಲು ಹೊಡೀತಿತ್ತು, ನಿನ್ನನ್ನ ಏನೂ ಕೇಳಬೇಡ ಅಂತಾನೂ ಹೇಳಿದ್ದ." ಅವಳು ಉಸಿರೆಳೆದುಕೊಂಡಳು. "ನಮ್ಮ ಟೀವೀಲಿ ಮಳೆ ಬರ್ತಿತ್ತಲ್ಲೋ."

"ಮಳೆನೇ ಬರ್ತಿತ್ತು ಡೆಲಿಯಾ," ಎಂದೆ. "ನಾನು ನೋಡಿದ್ದೆ. ಕೈ ಎತ್ತಲಿಲ್ಲ."

"ಅವನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

ವಾರ್ಡಿನಲ್ಲಿ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋಗುವ ಸದ್ದು ಕೇಳುತ್ತಿತ್ತು. ಬಯ್ಯಲಿ, ಶಾಪ ಹಾಕಲಿ ಎಂದು ಕಾದೆ.

"ಕೋಟು ಎಷ್ಟು ಚೆನ್ನಾಗಿ ಇಸ್ತ್ರಿ ಮಾಡ್ಕೊಂಡಿದ್ದ, ಅಲ್ವಾ?" ಎಂದಳು.

ಹೌದು ಎನ್ನುವಷ್ಟರಲ್ಲಿ ಅವಳು ಫೋನ್ ಇಟ್ಟಿದ್ದಳು.